ಕಲಾಯಿ

ತಾಮ್ರ ನನಗೆ ಗೊತ್ತು ಅಂದುಕೊಂಡಿದ್ದೆ.
ಹಂಡೆ, ಕೊಳಗ, ತಪ್ಪಲೆ, ಮದುವೆ ಮನೆಯ ಡೇಗು,
ಚಿಂತಾಮಣಿಯ ಸಂತೆಬೀದಿಯ ಹಿಂದೆ
ತಿದಿ ಒತ್ತಿ ಕೆಂಡ ಎಬ್ಬಿಸಿ
ನವಸಾಗರದ ಹೊಗೆ ಕುಡಿದು ಮೂವತ್ತೊಂದು ವರ್ಷ.
ಬರಿ ತಾಮ್ರಕ್ಕೆ ಹುಳಿ ತಾಗಬಾರದು,
ನಡುವೆ ತವರದ ಪೊರೆ ಇರಬೇಕು.
ಇಷ್ಟೇ ನನ್ನ ವಿದ್ಯೆ. ನಮ್ಮಪ್ಪನದೂ ಇಷ್ಟೇ.

ಸಾಜಿದಾಳಿಗೆ ಮೊದಲು ಕೆಟ್ಟಿದ್ದು ಅಕ್ಷರ.
ಗೆರೆಯ ಮೇಲೆ ಕೂರುತ್ತಿದ್ದವು
ಗೆರೆ ಬಿಟ್ಟು ಇಳಿದವು.
ಆಮೇಲೆ ಚಹಾ ತುಳುಕಿತು, ಮಾತು ತೊಡರಿತು.
ಸೋಮಾರಿ ಅಂದರು ಟೀಚರು.
ಗಾಳಿ ಅಂದರು ನನ್ನತ್ತೆ.
ಹಳದಿ ಕಣ್ಣಿಗೆ ಬೇರು ಅರೆದುಕೊಟ್ಟರು ಬಾಗೇಪಲ್ಲಿ ಕಡೆಯವರು.
ಅಮ್ಮಿ ಮಾತ್ರ ದಿನಾ ಬೆಳಗ್ಗೆ
ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟ ನೀರು
ಖಾಲಿ ಹೊಟ್ಟೆಗೆ ಕುಡಿಸಿದಳು.
ಚೊಂಬು ನಾನೇ ಕೊಟ್ಟಿದ್ದು.
ಒಳಗೆ ಕಲಾಯಿ ಬೇಡ ಅಂದಿದ್ದಳು,
ತಾಮ್ರ ಒಳ್ಳೆಯದಂತೆ.

ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದ
ಪುತ್ತೂರಿನ ಕಡೆಯ ಡಾಕ್ಟರಮ್ಮ ಹರಿಣಾಕ್ಷಿ
ಎರಡು ಸಲ ಕಾಮಾಲೆಗೆಂದು ಬರೆದುಕೊಟ್ಟು
ಮೂರನೆಯ ಸಲ ಪೆನ್ನು ಕೆಳಗಿಟ್ಟರು.
'ಇದು ನನಗೆ ಗೊತ್ತಾಗ್ತಿಲ್ಲ.'
ಆ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.
ಆಡಿ, ಫೋನೆತ್ತಿದರು.

ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲಿ
ಕಣ್ಣಿನವರು ಗಲ್ಲ ಹಿಡಿದು ದೀಪ ಬಿಟ್ಟು
ಒಂದು ನಿಮಿಷ ಸುಮ್ಮನಾದರು.
ಬನ್ನಿ, ನೋಡಿ, ಅಂದರು ನನಗೆ.
ಕರಿಗುಡ್ಡೆಯ ಅಂಚಿಗೆ ಕಂದು ಹೊಂಬಣ್ಣದ ಬಳೆ.
ಉಜ್ಜಿ ಬಿಸಿಲಿಗಿಟ್ಟ ಹಂಡೆಯ ಬಾಯಿ.
ಯಾವ ಲೋಹ ಅಂತ ನನಗೆ ಬೇರೆ ಹೇಳಬೇಕೆ?

ಇಪ್ಪತ್ತನಾಲ್ಕು ಗಂಟೆಯ ಉಚ್ಚೆ ಹಿಡಿಯಲು ಕ್ಯಾನು ಕೊಟ್ಟರು.
ಅದು ಐಸಿನ ಡಬ್ಬಿಯಲ್ಲಿ ಬೆಂಗಳೂರಿಗೆ ಹೋಯಿತು,
ನಮಗಿಂತ ಎಂಟು ದಿನ ಮೊದಲು.

ಎರಡನೆಯ ಗುರುವಾರ ಮಾತ್ರ ಆ ಕೋಣೆ.
ಲಿವರಿನವರು, ನರದವರು, ಕಣ್ಣಿನವರು,
ಏನು ತಿನ್ನಬಾರದೆಂದು ಹೇಳುವ ಹುಡುಗಿ,
ಉಳಿದ ದಿನ ನಾಲ್ಕು ಮಹಡಿಗೆ ಚದುರಿ ಕೂರುವವರು
ಅವತ್ತು ಒಂದೇ ಮೇಜಿಗೆ.
ಕಾರಿಡಾರಿನಲ್ಲಿ ರಾಯಚೂರು, ಕಾರವಾರ, ಹಿಂದೂಪುರ.
ಊರಲ್ಲಿ ಒಬ್ಬಳೇ ಆಗಿದ್ದ ಸಾಜಿದಾ
ಆ ಬೆಂಚಿನ ಮೇಲೆ ಏಳನೆಯವಳು.
ಹಿಂದೂಪುರದ ಹುಡುಗ ಬಿಸ್ಕತ್ತು ಚಾಚಿದ,
ಅವನ ಕೈಯೂ ನಡುಗಿ, ಇವಳದೂ ನಡುಗಿ
ಬಿಸ್ಕತ್ತು ಬಿತ್ತು. ಇಬ್ಬರೂ ನಕ್ಕರು.
ವರ್ಷದ ಮೇಲೆ ಅವಳ ನಗು ಕೇಳಿದ್ದು ಅದೇ.

ದೊಡ್ಡ ಡಾಕ್ಟರು ಚೀಟಿಯ ಹಿಂದೆ ಕರುಳು ಬರೆದರು.
ಸೇರಿಕೊಂಡ ತಾಮ್ರವನ್ನು ಮೊದಲು ಇಳಿಸೋಣ,
ಹೊಸದು ಒಳಗೆ ಹೋಗದ ಹಾಗೆ ಆಮೇಲೆ ಸತುವಿನ ಮಾತ್ರೆ,
ಜೀವ ಇರುವವರೆಗೆ.
'ಕಲಾಯಿ' ಅಂದೆ.
ಅವರು ತಲೆಯೆತ್ತಿದರು. ಹಂಡೆ, ಹುಳಿ, ತವರ ಎಲ್ಲ ಹೇಳಿದೆ.
ಹೆಚ್ಚುಕಡಿಮೆ ಹಾಗೇ, ಅಂದು
ಹಿಂದೆ ನಿಂತಿದ್ದ ಎಳೆಯ ಡಾಕ್ಟರುಗಳಿಗೂ ಅದನ್ನೇ ಹೇಳಿದರು.

ಈಗ ಕಾಗದಗಳು ಮೇಲಿನಿಂದ ಕೆಳಕ್ಕೆ ಬರುತ್ತವೆ.
ರಕ್ತ ಚಿಂತಾಮಣಿಯಲ್ಲೇ ತೆಗೆಯುತ್ತಾರೆ,
ಮಾತ್ರೆ ಚಿಕ್ಕಬಳ್ಳಾಪುರದ ಆರನೆಯ ಕಿಟಕಿಯಲ್ಲಿ,
ಗುರುವಾರ ವರ್ಷಕ್ಕೆ ಎರಡು ಸಾಕು.
ಹೋದ ರಂಜಾನಿನಲ್ಲಿ ಆ ಕಿಟಕಿ
ಹತ್ತೊಂಬತ್ತು ದಿನ ಸ್ಟಾಕಿಲ್ಲ ಅಂದಿತು.
ಗುರುವಾರದ ಕೋಣೆಯ ಫೋನು ಹಿಡಿಯುವ ಸಿಸ್ಟರ್ ಫಿಲೋಮಿನಾ
ಹಿಂದೂಪುರದ ಹುಡುಗನ ಮನೆಯಿಂದ ಎರಡು ಪಟ್ಟಿ ಕೊಡಿಸಿದರು,
ರಾತ್ರಿ ಬಸ್ಸಿಗೆ ಹೋಗಿ ತಂದೆ.
ಸಿಸ್ಟರ್ ಯಾವಾಗ ರಜೆ ಹಾಕುತ್ತಾರೆ ಅಂತ
ಈಗ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ.

ಇದ್ರೀಸನ ರಕ್ತವನ್ನೂ ನೋಡಬೇಕಂತೆ,
ಒಂದೇ ಹೊಟ್ಟೆಯ ಮಕ್ಕಳು.
ರಾತ್ರಿ ಅವನು ಮಲಗಿದ ಮೇಲೆ ಪುಸ್ತಕ ತೆಗೆದು
ಗೆರೆಗೆ ಬೆರಳಿಟ್ಟು ನೋಡುತ್ತೇನೆ.
ದುಂಡಗಿದೆ. ಇವತ್ತಿಗೆ ದುಂಡಗಿದೆ.

ಅಮ್ಮಿ ಚೊಂಬನ್ನು ಅಂಗಡಿಯಲ್ಲಿಟ್ಟು
ಏನೂ ಹೇಳದೆ ಹೋದಳು.
ಕಾಯಿಸಿದೆ, ನವಸಾಗರ ಉದುರಿಸಿದೆ,
ಅರಳೆಯಲ್ಲಿ ತವರ ಸವರಿದೆ.
ಒಳಗೆಲ್ಲ ಬೆಳ್ಳಿಯಾಯಿತು.
ಮನೆಗೆ ಒಯ್ದಿಲ್ಲ ಇನ್ನೂ.